ಉಣ್ಣಲು ಬೇಕಾದ ಅರ್ಧ ಗಂಟೆ

ತೂಕ ಇಳಿಸಲೆಂದು ಹೊಟ್ಟೆಗೆ ಬ್ಯಾಂಡ್ ಎಂಬ ಉಂಗುರ ಹಾಕಿಸಿಕೊಂಡವರನ್ನು ಜನ ಮೊದಲು ಕೇಳುವುದು ಎಷ್ಟು ಕಿಲೋ ಇಳಿಯಿತು ಎಂದು, ಆಮೇಲೆ ಎಷ್ಟು ಖರ್ಚಾಯಿತು ಎಂದು. ಒಂದು ಊಟ ಮುಗಿಸಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಆದರೆ ಇಷ್ಟು ವರ್ಷ ಈ ಉಂಗುರವನ್ನು ಒಡಲಲ್ಲಿಟ್ಟುಕೊಂಡು ಬದುಕಿದ ಮೇಲೆ, ಯಾರಾದರೂ ಇಂಥ ಶಸ್ತ್ರಚಿಕಿತ್ಸೆಯ ಬಗ್ಗೆ ಸಲಹೆ ಕೇಳಿಕೊಂಡು ಬಂದರೆ ನಾನು ಮೊದಲು ವಿಚಾರಿಸುವುದು ಅದನ್ನೇ: ನಿಮ್ಮ ಮನೆಯಲ್ಲಿ ನಿಮಗೆ ಕೂತು ಉಣ್ಣಲು ಅರ್ಧ ಗಂಟೆ ಸಿಗುತ್ತದೆಯೇ? ಸಿಗದಿದ್ದರೆ ಅದನ್ನು ಸಿಗುವಂತೆ ಮಾಡಿಕೊಳ್ಳುವುದೇ ಚಿಕಿತ್ಸೆಯ ಅರ್ಧ ಭಾಗ, ಮತ್ತು ಆ ಅರ್ಧ ಭಾಗವನ್ನು ಯಾವ ಆಸ್ಪತ್ರೆಯಲ್ಲೂ ಮಾಡಿಕೊಡಲಾಗುವುದಿಲ್ಲ.

ನಮ್ಮದು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ. ಮನೆಯ ಹಿಂದೆ ಅಡಿಕೆ ತೋಟ. ಅತ್ತೆ, ಮಾವ, ಮೈದುನನ ಸಂಸಾರ ಎಲ್ಲರೂ ಒಟ್ಟಿಗೆ ಇರುವ ಮನೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬೆಳಗಿನ ತಿಂಡಿ, ತೋಟದ ಕೆಲಸದವರ ಕಾಫಿ, ಮಕ್ಕಳ ಬುತ್ತಿ ಎಲ್ಲ ಮುಗಿಸಿ ಎಂಟೂವರೆಯ ಬಸ್ಸು ಹಿಡಿಯಬೇಕಾದವಳಿಗೆ ತಿಂಡಿ ಎಂದರೆ ಒಲೆಯ ಪಕ್ಕ ನಿಂತು ಎರಡು ಕಡುಬು ನುಂಗಿ ಕಾಫಿ ಕುಡಿಯುವುದಾಗಿತ್ತು. ಶಾಲೆಯ ಮಧ್ಯಾಹ್ನದ ಬಿಡುವು ಮಕ್ಕಳ ಬಿಸಿಯೂಟದ ಉಸ್ತುವಾರಿಯಲ್ಲಿ ಕಳೆದುಹೋಗುತ್ತಿತ್ತು. ರಾತ್ರಿ ಹಿರಿಯರು, ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಹೆಂಗಸರು ಪಾತ್ರೆಗಳನ್ನು ಸುತ್ತ ಇಟ್ಟುಕೊಂಡು ಕೂರುವುದು, ಮಿಕ್ಕದ್ದು ಹಾಳಾಗಬಾರದೆಂದು ತಟ್ಟೆಗೆ ಹಾಕಿಕೊಂಡು ಬೇಗ ಬೇಗ ಮುಗಿಸಿ ಏಳುವುದು ರೂಢಿ. ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಹೆಂಗಸರು ಹೀಗೆಯೇ ಉಂಡು ಬಂದಿದ್ದಾರೆ. ಇದನ್ನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ. ಬ್ಯಾಂಡ್ ಬಂದು ಸೇರಿದ್ದು ಇಂಥ ದಿನಚರಿಯ ನಡುವೆ ಎಂಬುದನ್ನು ಹೇಳದೆ ಹೋದರೆ ಮುಂದಿನ ಮಾತು ಅರ್ಥವಾಗುವುದಿಲ್ಲ.

2012ರಲ್ಲಿ ಬೆಂಗಳೂರಿನಲ್ಲಿ ನನಗೆ ಈ ಶಸ್ತ್ರಚಿಕಿತ್ಸೆ ಆದಾಗ ತೂಕ 104 ಕಿಲೋ, ಎತ್ತರ 158 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಲೆಕ್ಕ, 41 ದಾಟಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಮೂರೂ ಇದ್ದವು. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಅಂಟಿಕೊಳ್ಳುವುದರಿಂದ, ಇಂಥ ಕಾಯಿಲೆಗಳಿದ್ದರೆ ಬಿಎಂಐ 32.5, ಇಲ್ಲದಿದ್ದರೆ 37.5 ದಾಟಿದವರಿಗೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬಹುದು ಎಂಬ ಅಳತೆಯನ್ನು ಇಲ್ಲಿನ ವೈದ್ಯರು ಪಾಲಿಸುತ್ತಿದ್ದರು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಈ ಗೆರೆಯನ್ನು 27.5ಕ್ಕೆ ಇಳಿಸಿದೆ. ಖರ್ಚನ್ನು ನಾವು ಆ ವರ್ಷದ ಅಡಿಕೆ ದುಡ್ಡಿನಿಂದ ತುಂಬಿದೆವು, ಏಕೆಂದರೆ ಆಗ ವಿಮಾ ಕಂಪನಿಗಳು ಸಾಮಾನ್ಯವಾಗಿ ಬೊಜ್ಜಿನ ಚಿಕಿತ್ಸೆಯನ್ನು ಹೊರಗಿಡುತ್ತಿದ್ದವು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಈ ನಿಯಮಗಳನ್ನು ಏಕರೂಪಗೊಳಿಸಿದ ಮೇಲೆ, ಬಿಎಂಐ 40 ಇರುವವರು ಅಥವಾ ತೀವ್ರ ಕಾಯಿಲೆಗಳ ಜೊತೆ 35 ಇರುವವರು, ಬೇರೆ ಉಪಾಯಗಳು ಫಲಿಸದೆ ವೈದ್ಯರ ಸಲಹೆಯಂತೆ ಮಾಡಿಸಿಕೊಂಡರೆ ಈ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದಾಗಿದೆ. ವಿಮೆ ಇರುವವರು ತಮ್ಮ ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟಿದೆ ಎಂಬುದನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಬ್ಯಾಂಡ್ ಎಂದರೆ ಸಿಲಿಕೋನಿನ ಒಂದು ಉಂಗುರ. ಅದನ್ನು ಹೊಟ್ಟೆಗೆ ಸಣ್ಣ ರಂಧ್ರಗಳನ್ನು ಮಾಡಿ, ಜಠರದ ಮೇಲ್ತುದಿಯಲ್ಲಿ ಅನ್ನನಾಳ ಬಂದು ಸೇರುವ ಜಾಗದ ಸ್ವಲ್ಪ ಕೆಳಗೆ ಸುತ್ತುತ್ತಾರೆ. ಸೋರೆಬುರುಡೆಯ ಹಾಗೆ ಮೇಲೆ ಒಂದು ಸಣ್ಣ ಉಬ್ಬು, ನಡುವೆ ಕಿರಿದಾದ ಕತ್ತು, ಕೆಳಗೆ ದೊಡ್ಡ ಹೊಟ್ಟೆ. ಮೇಲಿನ ಉಬ್ಬಿನಲ್ಲಿ ಹಿಡಿಯುವುದು 15ರಿಂದ 30 ಮಿಲಿಲೀಟರ್ ಅಷ್ಟೇ. ಉಂಗುರದ ಒಳಮೈಯಲ್ಲಿ ಗಾಳಿ ತುಂಬದ ಬಲೂನಿನಂಥ ಪದರವಿದೆ. ಅಲ್ಲಿಂದ ಹೊರಟ ತೆಳುವಾದ ನಳಿಗೆ ಹೊಟ್ಟೆಯ ಚರ್ಮದ ಅಡಿಯಲ್ಲಿ ಸ್ನಾಯುವಿಗೆ ಹೊಲಿದಿರುವ ಪೋರ್ಟ್ ಎಂಬ ಸಣ್ಣ ಬಿಲ್ಲೆಗೆ ಸೇರುತ್ತದೆ. ಪೋರ್ಟಿಗೆ ಸೂಜಿ ಚುಚ್ಚಿ ಸಲೈನ್ ಹಾಕಿದರೆ ಉಂಗುರ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಜಠರವನ್ನು ಕತ್ತರಿಸುವುದಿಲ್ಲ, ಕರುಳಿನ ದಾರಿಯನ್ನು ಬದಲಿಸುವುದಿಲ್ಲ, ಬೇಡವೆಂದರೆ ತೆಗೆಯಬಹುದು. ನಾನು ಅದನ್ನು ಆರಿಸಿಕೊಂಡದ್ದು ಈ ಕೊನೆಯ ಕಾರಣಕ್ಕೆ.

ಈ ಉಂಗುರದ ಹಿಂದೆ ಇಬ್ಬರ ಹೆಸರು ಮುಖ್ಯವಾಗಿ ಕೇಳಿಬರುತ್ತದೆ. ಉಕ್ರೇನ್ ಮೂಲದ ಅಮೆರಿಕದ ಶಸ್ತ್ರವೈದ್ಯ ಲುಬೊಮಿರ್ ಕುಜ್ಮಾಕ್ 1986ರಲ್ಲಿ ಬಿಗಿ ಸಡಿಲ ಮಾಡಬಲ್ಲ ಬ್ಯಾಂಡನ್ನು ಬಳಕೆಗೆ ತಂದರು. ಇಥಿಯೋಪಿಯಾದಲ್ಲಿ ಹುಟ್ಟಿ ಬೆಲ್ಜಿಯಮ್ಮಿನಲ್ಲಿ ಕೆಲಸ ಮಾಡಿದ ಮಿಟಿಕು ಬೆಲಾಚೆವ್ 1993ರಲ್ಲಿ ಅದನ್ನು ಲ್ಯಾಪರೊಸ್ಕೋಪಿಯಿಂದ, ಅಂದರೆ ಸಣ್ಣ ರಂಧ್ರಗಳ ಮೂಲಕವೇ, ಹಾಕಿದರು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದಾದ ಹತ್ತು ವರ್ಷ ಬ್ಯಾಂಡಿನ ಕಾಲವೆಂದೇ ಹೇಳಬಹುದು. ಆಮೇಲೆ ಉಂಗುರ ಜಾರುವುದು, ಜಠರದ ಗೋಡೆಯನ್ನು ಸವೆಸಿಕೊಂಡು ಒಳಗೆ ಹೋಗುವುದು, ಅನ್ನನಾಳ ಹಿಗ್ಗುವುದು, ನಳಿಗೆ ಸೋರುವುದು ಇಂಥ ತೊಂದರೆಗಳಿಂದ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರ ಸಂಖ್ಯೆ ಹೆಚ್ಚಿ, ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಮುಂದೆ ಬಂತು. ಇಂದು ಹೊಸದಾಗಿ ಬ್ಯಾಂಡ್ ಹಾಕಿಸಿಕೊಳ್ಳುವವರು ತೀರ ವಿರಳ. ಆದರೆ ಹಿಂದೆ ಹಾಕಿಸಿಕೊಂಡ ನಮ್ಮಂಥವರು ಇನ್ನೂ ಇದ್ದೇವೆ, ನಮ್ಮ ಊಟ ದಿನವೂ ನಡೆಯುತ್ತಲೇ ಇದೆ.

ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ವಾರ ದ್ರವವಷ್ಟೇ. ಆಸ್ಪತ್ರೆಯ ಪಟ್ಟಿಯಲ್ಲಿ ಸೂಪು, ಪ್ರೋಟೀನ್ ಪುಡಿ ಎಂದಿತ್ತು. ಅತ್ತೆ ಅದನ್ನು ಓದಿಸಿ ಕೇಳಿ, ಗಂಜಿಯ ತಿಳಿ, ಹುರುಳಿ ಕಟ್ಟು, ಬೇಳೆಕಟ್ಟು, ನೀರು ಮಜ್ಜಿಗೆ ಎಂದು ತಮ್ಮದೇ ಪಟ್ಟಿ ಮಾಡಿಕೊಂಡರು. ಅದರ ನಂತರ ನುಣ್ಣಗೆ ಅರೆದದ್ದು, ಮತ್ತೆ ಮೆತ್ತಗೆ ಬೆಂದದ್ದು, ಒಂದೂವರೆ ತಿಂಗಳ ಹೊತ್ತಿಗೆ ಎಲ್ಲರ ಊಟ. ಈ ಅವಧಿ ಸುಲಭವಾಗಿ ಕಳೆಯಿತು, ಏಕೆಂದರೆ ಬಾಣಂತನ, ಪಥ್ಯ ಎಂದರೆ ನಮ್ಮ ಮನೆಗಳಿಗೆ ಅರ್ಥವಾಗುತ್ತದೆ. ಕಾಯಿಲೆಯವರಿಗೆ ಬೇರೆ ಅಡುಗೆ ಮಾಡಲು ಯಾರೂ ಬೇಸರಿಸುವುದಿಲ್ಲ. ಕಷ್ಟ ಶುರುವಾಗುವುದು ಪಥ್ಯ ಮುಗಿದು ಎಲ್ಲರ ಜೊತೆ ಕೂತ ಮೇಲೆ.

ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಉಂಗುರವನ್ನು ಸಡಿಲವಾಗಿಯೇ ಬಿಟ್ಟಿರುತ್ತಾರೆ. ಸುಮಾರು ನಾಲ್ಕರಿಂದ ಆರು ವಾರದ ನಂತರ ಮೊದಲ ಸಲ ಸಲೈನ್ ತುಂಬುತ್ತಾರೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಮೇಜಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಮೇಲೆತ್ತಿ ಹೊಟ್ಟೆ ಬಿಗಿ ಹಿಡಿದರೆ ವೈದ್ಯರು ಬೆರಳಿನಿಂದ ಪೋರ್ಟನ್ನು ಹುಡುಕುತ್ತಾರೆ. ಆಮೇಲೆ ಹ್ಯೂಬರ್ ಸೂಜಿ ಎಂಬ, ಪೋರ್ಟಿನ ಮುಚ್ಚಳವನ್ನು ತೂತು ಮಾಡಿ ಹಾಳುಗೆಡವದ ವಿಶೇಷ ಸೂಜಿಯಿಂದ ಒಂದೆರಡು ಮಿಲಿಲೀಟರ್ ಹಾಕುತ್ತಾರೆ. ಎದ್ದು ಕೂತು ಲೋಟದ ನೀರನ್ನು ಗುಟುಕು ಗುಟುಕಾಗಿ ಕುಡಿದು, ಅದು ಸರಾಗವಾಗಿ ಇಳಿಯಿತು ಎಂದು ಹೇಳಿದ ಮೇಲೆಯೇ ಕಳುಹಿಸುತ್ತಾರೆ. ಐದು ನಿಮಿಷದ ಕೆಲಸಕ್ಕೆ ಒಂದು ರಾತ್ರಿ, ಒಂದು ಹಗಲು, ಒಂದು ರಜೆ. ಹಸಿವು ತಗ್ಗಿರಬೇಕು, ಆದರೆ ಉಂಡದ್ದು ಇಳಿಯಬೇಕು. ಆ ಹದ ಸಿಗುವವರೆಗೆ ಹೋಗಿಬರುತ್ತಲೇ ಇರಬೇಕು. ಬ್ಯಾಂಡನ್ನು ಆರಿಸಿಕೊಳ್ಳುವವರಿಗೆ ದೂರದ ಊರು ಎಷ್ಟು ದೊಡ್ಡ ತೊಡಕು ಎಂಬುದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಾನು ಮೊದಲು ತಿಳಿದಿದ್ದಂತೆ, ಹಾಗೂ ಬಹಳ ಜನ ಈಗಲೂ ತಿಳಿದಿರುವಂತೆ, ಬ್ಯಾಂಡಿನ ಕೆಲಸ ಮೇಲಿನ ಸಣ್ಣ ಚೀಲ ತುಂಬಿ ಇನ್ನು ಸಾಕು ಎನ್ನಿಸುವುದು. ಆಸ್ಟ್ರೇಲಿಯಾದ ಮೆಲ್ಬರ್ನಿನ ಶಸ್ತ್ರವೈದ್ಯ ಪಾಲ್ ಓಬ್ರಿಯನ್ ಮತ್ತು ಅವರ ಸಂಗಡಿಗರು ತೋರಿಸಿದ ವಿವರಣೆ ಬೇರೆ. ಸರಿಯಾಗಿ ಹೊಂದಿಸಿದ ಬ್ಯಾಂಡಿನಲ್ಲಿ ಮೇಲಿನ ಚೀಲದಲ್ಲಿ ಅನ್ನ ನಿಲ್ಲಲೇಬಾರದು. ಚೆನ್ನಾಗಿ ಅಗಿದ ಒಂದು ಸಣ್ಣ ತುತ್ತನ್ನು ಅನ್ನನಾಳ ಹಲವು ಸಲ ಹಿಂಡಿ ಹಿಂಡಿ ಉಂಗುರದಾಚೆ ದಾಟಿಸುತ್ತದೆ. ಅದಕ್ಕೆ ಒಂದು ನಿಮಿಷದಷ್ಟು ಹೊತ್ತು ಹಿಡಿಯುತ್ತದೆ. ಹಾಗೆ ಹಿಂಡುವಾಗ ಅಲ್ಲಿನ ನರಗಳ ಮೇಲೆ ಬೀಳುವ ಒತ್ತಡವೇ ಹೊಟ್ಟೆ ತುಂಬಿತು ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಮೊದಲ ತುತ್ತು ದಾಟುವ ಮೊದಲು ಎರಡನೆಯದನ್ನು ನುಂಗಿದರೆ ಅದು ಮೇಲೆ ಕೂರುತ್ತದೆ, ಮೂರನೆಯದು ಅದರ ಮೇಲೆ, ಮತ್ತು ಚೀಲ ಹಿಗ್ಗುತ್ತದೆ. ಸಣ್ಣ ತುತ್ತು, ಇಪ್ಪತ್ತು ಸಲ ಅಗಿಯುವುದು, ಒಂದು ನಿಮಿಷ ಸುಮ್ಮನೆ ಕೂರುವುದು. ಹೀಗೆ ಒಂದು ಸಣ್ಣ ಬಟ್ಟಲಿನಷ್ಟು ಉಣ್ಣಲು ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಬೇಕು. ಇದನ್ನು ಓದಿದಾಗ ನನಗೆ ನನ್ನ ದಿನಚರಿಯೇ ಕಣ್ಣ ಮುಂದೆ ಬಂತು. ನನಗೆ ಊಟ ಕಡಿಮೆ ಮಾಡಿಕೊಳ್ಳುವುದು ಕಷ್ಟವಾಗಿರಲಿಲ್ಲ, ಅಷ್ಟು ಹೊತ್ತು ಒಂದೇ ಕಡೆ ಕೂರುವುದು ಸಾಧ್ಯವೇ ಇರಲಿಲ್ಲ.

ಸಿಕ್ಕಿಕೊಳ್ಳುವುದು ಎಂದರೆ ಏನೆಂದು ಅನುಭವಿಸದವರಿಗೆ ಹೇಳಬೇಕು. ಸಾಗರದ ಕಡೆಯ ಸಂಬಂಧಿಕರ ಮನೆಯ ಗೃಹಪ್ರವೇಶ. ಮೊದಲ ಪಂಕ್ತಿ ಕೂತಿದೆ, ಚಪ್ಪರದ ಅಂಚಿನಲ್ಲಿ ಎರಡನೇ ಪಂಕ್ತಿಯವರು ಕಾಯುತ್ತ ನಿಂತಿದ್ದಾರೆ. ಕೋಸಂಬರಿ, ಪಲ್ಯ ಇಳಿದವು. ಚಿತ್ರಾನ್ನದ ಮೂರನೆಯ ತುತ್ತಿಗೆ ಎದೆಮೂಳೆ ಮುಗಿಯುವ ಜಾಗದಲ್ಲಿ, ಒಳಗಿನಿಂದ ಯಾರೋ ಹೆಬ್ಬೆರಳು ಇಟ್ಟು ಒತ್ತಿದ ಹಾಗೆ ಬಿಗಿಯಿತು. ಬೆನ್ನಿನ ತನಕ ಹಬ್ಬಿದ ನೋವು, ಬಾಯಿ ತುಂಬ ಲೋಳೆಯಂಥ ಜೊಲ್ಲು. ಇಂಥ ಹೊತ್ತಿನಲ್ಲಿ ನೀರು ಕುಡಿದರೆ ನೀರೂ ಮೇಲೆಯೇ ನಿಲ್ಲುತ್ತದೆ. ಮಾತಾಡಲು ಆಗುವುದಿಲ್ಲ, ಜೊಲ್ಲು ನುಂಗಲೂ ಆಗುವುದಿಲ್ಲ. ಅಷ್ಟರಲ್ಲಿ ಹೋಳಿಗೆಯ ಹರಿವಾಣ ಹಿಡಿದ ಅತ್ತಿಗೆ ಎದುರಿಗೆ ಬಂದು, "ಎಂತಾಯ್ತೇ, ಊಟ ಸೇರ್ಲಿಲ್ವಾ? ಸಾವಕಾಶ ಆಗ್ಲಿ" ಎಂದು ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದರು. ನಾನು ಎದ್ದು ಹಿತ್ತಿಲಿಗೆ ಹೋಗಿ ಬಾಳೆಯ ಬುಡದಲ್ಲಿ ಬಗ್ಗಿ ನಿಂತೆ. ಹೊರಬಂದ ಅನ್ನ ಹಾಕಿಕೊಂಡ ಹಾಗೆಯೇ ಇತ್ತು, ಹುಳಿಯ ರುಚಿಯೂ ಇರಲಿಲ್ಲ, ಏಕೆಂದರೆ ಅದು ಹೊಟ್ಟೆಯ ಆಮ್ಲದವರೆಗೆ ಹೋಗಿಯೇ ಇರಲಿಲ್ಲ. ಒಂದು ಕ್ಷಣದಲ್ಲಿ ನೋವು ಹೋಯಿತು. ತಿರುಗಿ ಬಂದಾಗ ಎಲೆ ಮಡಿಸಿಯಾಗಿತ್ತು.

ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಒಟ್ಟಿಗೆ ಏಳಬೇಕು. ಬಡಿಸುವವರಿಗೆ ಎಲೆ ಖಾಲಿ ಕಂಡರೆ ಹಾಕದೆ ಹೋಗಲು ಮನಸ್ಸು ಬರುವುದಿಲ್ಲ. ಆ ಪ್ರೀತಿಯನ್ನು ನಾನು ಚೆನ್ನಾಗಿ ಬಲ್ಲೆ, ನಾನೂ ಹಾಗೆಯೇ ಬಡಿಸುವವಳು. ಅದಕ್ಕೆ ನಾನು ಕಂಡುಕೊಂಡ ದಾರಿ ಎಂದರೆ ಬಡಿಸಿದವರು, ಅಡುಗೆಯವರು ಕೂರುವ ಕೊನೆಯ ಪಂಕ್ತಿಗೆ ಸೇರುವುದು. ಅಲ್ಲಿ ಯಾರಿಗೂ ಅವಸರವಿಲ್ಲ, ಬೆನ್ನ ಹಿಂದೆ ಕಾಯುವವರಿಲ್ಲ, ಮಾತಾಡುತ್ತ ಒಂದು ಗಂಟೆ ಕೂತರೂ ನಡೆಯುತ್ತದೆ. ಮನೆಯೊಡತಿಗೆ ಮಾತ್ರ ಮೊದಲೇ ವಿಷಯ ತಿಳಿಸಿರುತ್ತೇನೆ. ಎಲೆಯ ಅರ್ಧ ಭಾಗಕ್ಕೆ ಕೈ ಅಡ್ಡ ಹಿಡಿದರೆ ಈಗ ನಮ್ಮ ಬಳಗದಲ್ಲಿ ಯಾರೂ ಒತ್ತಾಯಿಸುವುದಿಲ್ಲ.

ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. "ಇಷ್ಟೇ ಉಂಡ್ರೆ ಜೀವ ನಡೆಯೋದು ಹೆಂಗೆ ಮಾರಾಯ್ತಿ" ಎಂದು ಅತ್ತೆ ದಿನವೂ ಕೊರಗುತ್ತಿದ್ದರು. ಉಣ್ಣುವ ಪ್ರಮಾಣದ ಬಗ್ಗೆ ಅವರನ್ನು ಒಪ್ಪಿಸಲು ನಾನು ಪ್ರಯತ್ನಿಸಲಿಲ್ಲ. ಹೊತ್ತಿನ ಬಗ್ಗೆ ಮಾತ್ರ ಕೇಳಿದೆ. ರಾತ್ರಿ ಎಲ್ಲರೂ ಒಟ್ಟಿಗೆ ಕೂರೋಣ, ಪಾತ್ರೆಗಳನ್ನು ನಡುವೆ ಇಡೋಣ, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲಿ ಎಂದೆ. ಅತ್ತೆಗೆ ಮಾವನ ಎದುರು ಕೂತು ಉಣ್ಣುವುದೇ ಮುಜುಗರ. ಮಾವ ಕೆಲವು ದಿನ ಏನೂ ಹೇಳಲಿಲ್ಲ, ಆಮೇಲೆ ಒಂದು ರಾತ್ರಿ ತಾವೇ ಮಜ್ಜಿಗೆಯ ಪಾತ್ರೆ ತಂದು ನಡುವೆ ಇಟ್ಟು ಕೂತರು. ಬೆಳಗಿನ ಬುತ್ತಿಯನ್ನು ನನ್ನವರು ವಹಿಸಿಕೊಂಡರು. ಶಾಲೆಯಲ್ಲಿ ಬಿಸಿಯೂಟದ ಉಸ್ತುವಾರಿಯನ್ನು ಸರದಿಗೆ ಹಾಕಿಕೊಂಡೆವು. ನನ್ನ ತೂಕ ಇಳಿಯತೊಡಗಿದ್ದು ಸಲೈನ್ ತುಂಬಿಸಿದ ದಿನದಿಂದಲೋ ಈ ಬದಲಾವಣೆಗಳು ನೆಲೆನಿಂತ ಮೇಲೋ ಎಂದು ಯಾರಾದರೂ ಕೇಳಿದರೆ, ನನ್ನ ಉತ್ತರ ಎರಡನೆಯದು.

ಮಲೆನಾಡಿನ ಅಡುಗೆಯಲ್ಲಿ ಯಾವುದು ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಎಂಬುದನ್ನು ಒಂದೊಂದಾಗಿ ಕಲಿಯಬೇಕಾಯಿತು. ಬೆಳಿಗ್ಗೆ ಬ್ಯಾಂಡ್ ಹೆಚ್ಚು ಬಿಗಿಯಾಗಿರುವಂತೆ ನನ್ನಂಥ ಅನೇಕರಿಗೆ ಅನ್ನಿಸುತ್ತದೆ; ಬಿಸಿ ಕಾಫಿ ಕುಡಿದು ಸ್ವಲ್ಪ ಹೊತ್ತು ಬಿಟ್ಟು ತಿಂಡಿಗೆ ಕೂತರೆ ಒಳ್ಳೆಯದು. ಕಡುಬು ಒತ್ತಾಗಿರುವುದರಿಂದ ಮುರಿದು ಪುಡಿ ಮಾಡಿ ತಿನ್ನಬೇಕು. ಬಿಸಿ ಅಕ್ಕಿರೊಟ್ಟಿ ಅಗಿದಷ್ಟೂ ಅಂಟುತ್ತದೆ, ಒಣಗಿಸಿ ಗರಿಯಾದದ್ದು ಸಲೀಸು. ಕಳಲೆ, ಹಲಸಿನ ತೊಳೆಯ ನಾರು, ಅನಾನಸು, ನುಗ್ಗೆಕಾಯಿ ಸಿಕ್ಕಿಕೊಳ್ಳುತ್ತವೆ. ಪತ್ರೊಡೆಯನ್ನು ಉದುರಿಸಿ ಒಗ್ಗರಣೆ ಹಾಕಿದರೆ ಇಳಿಯುತ್ತದೆ. ಅನ್ನಕ್ಕಿಂತ ಮೊದಲು ಹೆಸರುಕಾಳು, ಹುರುಳಿ, ಪನ್ನೀರು, ಗಟ್ಟಿ ಮೊಸರು ಉಣ್ಣಬೇಕು, ಏಕೆಂದರೆ ದಿನಕ್ಕೆ 60 ಗ್ರಾಂ ಪ್ರೋಟೀನು ಸಸ್ಯಾಹಾರಿಗಳಿಗೆ ತಾನಾಗಿ ಒದಗುವುದಿಲ್ಲ. ಕೂದಲು ಉದುರುವ ಮೊದಲ ತಿಂಗಳುಗಳಲ್ಲಿ ಇದರ ಮಹತ್ವ ಚೆನ್ನಾಗಿ ತಿಳಿಯುತ್ತದೆ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಉಂಡ ಮೇಲೆ ಅರ್ಧ ಗಂಟೆಯಾದರೂ ಬಿಡಬೇಕು. ಹಾಗಾಗಿ ಒಂದೆಲಗದ ತಂಬುಳಿಯನ್ನು, ಅಪ್ಪೆಹುಳಿಯನ್ನು ಅನ್ನಕ್ಕೆ ಸುರಿದುಕೊಳ್ಳದೆ ಊಟಕ್ಕೆ ಬಹಳ ಮುಂಚೆ ಲೋಟದಲ್ಲಿ ಕುಡಿದುಬಿಡುತ್ತೇನೆ.

ನೀರಾಗಿರುವ, ಬಾಯಲ್ಲೇ ಕರಗುವ ತಿನಿಸಿಗೆ ಬ್ಯಾಂಡಿನ ತಡೆಯೇ ಇಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪಾಯಸ, ಐಸ್ ಕ್ರೀಮು, ಆಲೆಮನೆಯ ಕಬ್ಬಿನ ಹಾಲು, ಜೋನಿಬೆಲ್ಲ ಇವೆಲ್ಲ ಉಂಗುರವನ್ನು ಸೋಕದಂತೆ ಇಳಿದುಹೋಗುತ್ತವೆ. ಬ್ಯಾಂಡನ್ನು ಅತಿಯಾಗಿ ಬಿಗಿ ಮಾಡಿಸಿಕೊಂಡವರು ಗಟ್ಟಿ ಊಟ ಇಳಿಯದ ಕಾರಣ ಇಂಥವುಗಳ ಕಡೆಗೆ ವಾಲಿ ತೂಕ ಏರಿಸಿಕೊಳ್ಳುತ್ತಾರೆ. ಇನ್ನಷ್ಟು ಬಿಗಿ ಮಾಡಿದರೆ ಇನ್ನಷ್ಟು ಇಳಿಯುತ್ತದೆ ಎಂಬುದು ನಿಜವಲ್ಲ.

ನನ್ನ ತೂಕ ಎರಡು ವರ್ಷದಲ್ಲಿ 81ಕ್ಕೆ ಬಂದು, ಈಗ 83ರ ಆಸುಪಾಸಿನಲ್ಲಿ ನಿಂತಿದೆ. ಹೆಚ್ಚುವರಿ ತೂಕದ ಅರ್ಧದಷ್ಟು ಹೋದರೆ ಬ್ಯಾಂಡಿನ ಮಟ್ಟಿಗೆ ಒಳ್ಳೆಯ ಫಲ. ಸಕ್ಕರೆಯ ಮಾತ್ರೆ ಒಂದಕ್ಕೆ ಇಳಿದಿದೆ, ತೋಟದ ದರೆಯನ್ನು ಕೈ ಊರದೆ ಹತ್ತುತ್ತೇನೆ. ಊರಿನಲ್ಲಿ ಮಾತ್ರ "ಎಷ್ಟು ಸೊರಗಿ ಹೋದ್ರಿ, ಎಂತ ಕಾಯಿಲೆ?" ಎಂದು ಕೇಳುವವರು ಬಹಳ ಕಾಲ ಇದ್ದರು, ಏಕೆಂದರೆ ಮೈ ತುಂಬಿಕೊಂಡಿರುವುದೇ ಸುಖದ ಗುರುತು ಎಂದು ನಂಬಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಕೊಬ್ಬು ಕರಗಿದ ಮೇಲೆ ಪೋರ್ಟು ಚರ್ಮದಡಿಯಲ್ಲಿ ಕೈಗೆ ಸಿಗುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿಯ ಮೇಲೆ ಬಗ್ಗಿ ಕೂತರೆ ಅದು ಒತ್ತುತ್ತದೆ. ಅದಕ್ಕೆ ನಾನು ಸುಲಿಯುವುದನ್ನು ಬಿಟ್ಟು ಬೇಯಿಸುವ ಹಂಡೆಯ ಕಡೆ ಹೋಗಿದ್ದೇನೆ. ದೊಡ್ಡ ಮಾತ್ರೆಗಳು ಇಳಿಯುವುದಿಲ್ಲ. ಆದರೆ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಬಾರದು, ಬೇರೆ ರೂಪದ ಔಷಧಿ ಕೇಳಿ ಪಡೆಯಬೇಕು. ಮೊಣಕಾಲಿಗೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳಿಂದಲೂ ದೂರವಿರಲು ಹೇಳಿದ್ದಾರೆ.

ಕಳೆದ ವರ್ಷದಿಂದ ರಾತ್ರಿ ಮಲಗಿದಾಗ ಹುಳಿ ಮೇಲೆ ಬರುವುದು, ಕೆಮ್ಮು ಬಂದು ಎಚ್ಚರವಾಗುವುದು ಶುರುವಾಯಿತು. ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಇದನ್ನು ಅಲಕ್ಷಿಸಬಾರದು, ಅದು ಉಂಗುರ ಬಿಗಿಯಾಗಿರುವುದರ ಅಥವಾ ಜಾರಿರುವುದರ ಸೂಚನೆ ಇರಬಹುದು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದು ನೋಡಿ, ಸ್ವಲ್ಪ ಸಲೈನ್ ಹೊರತೆಗೆದರು; ಕೆಮ್ಮು ನಿಂತಿತು. ಮುಂದೆ ಅನ್ನನಾಳ ಹಿಗ್ಗಿದ್ದು ಕಂಡರೆ ಬ್ಯಾಂಡ್ ತೆಗೆಯಬೇಕಾಗುತ್ತದೆ, ತೆಗೆದರೆ ತೂಕ ಮರಳುವ ಸಂಭವ ಹೆಚ್ಚು, ಆಗ ಸ್ಲೀವ್ ಅಥವಾ ಕರುಳಿನ ದಾರಿಯನ್ನು ಬದಲಿಸುವ ಬೈಪಾಸ್ ಯೋಚಿಸಬೇಕು ಎಂದು ವೈದ್ಯರು ಬಿಡಿಸಿ ಹೇಳಿದ್ದಾರೆ. 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತಿರ್ಜೆಪಟೈಡ್, ತೂಕ ಇಳಿಸಲೆಂದೇ ಬಂದ ಸೆಮಾಗ್ಲುಟೈಡ್ ಔಷಧಿಗಳ ಮಾತೂ ಬಂತು. ಯಾವುದೇ ಆಗಲಿ, ತೆಗೆಸುವ ದಿನ ಬಂದರೆ ನನಗೆ ಭಯವಿಲ್ಲ. ಇಟ್ಟುಕೊಳ್ಳುವುದೇ ಜಯವೆಂದೂ ತೆಗೆಸುವುದು ಸೋಲೆಂದೂ ನಾನು ತಿಳಿದಿಲ್ಲ.

ಭಯವಿರುವುದು ಮಳೆಗಾಲದ್ದು. ಮರ ಬಿದ್ದು ದಾರಿ ಮುಚ್ಚಿ, ಕರೆಂಟು ಹೋಗಿ, ಫೋನು ಸಿಗದ ದಿನಗಳಲ್ಲಿ ಬ್ಯಾಂಡ್ ಹಠಾತ್ತಾಗಿ ಜಾರಿದರೆ ಜೊಲ್ಲು ಸಹ ಇಳಿಯದಂತಾಗಿ ತೀವ್ರ ನೋವು ಬರುತ್ತದೆ. ಅದು ಕಾಯುವ ಕಾಯಿಲೆಯಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿಟ್ಟಿದ್ದೇನೆ: ಯಾವ ಬ್ಯಾಂಡ್, ಯಾವ ವರ್ಷ ಹಾಕಿದ್ದು, ಈಗ ಎಷ್ಟು ಸಲೈನ್ ಇದೆ, ತುರ್ತಿನಲ್ಲಿ ಮೊದಲು ಮಾಡಬೇಕಾದ್ದು ಪೋರ್ಟಿನಿಂದ ಪೂರ್ತಿ ಸಲೈನ್ ತೆಗೆಯುವುದು, ಸಾಧ್ಯವಾದಷ್ಟು ಮಟ್ಟಿಗೆ ಹ್ಯೂಬರ್ ಸೂಜಿಯನ್ನೇ ಬಳಸುವುದು, ಮೂಗಿನಿಂದ ನಳಿಗೆ ಹಾಕುವ ಮೊದಲು, ಎಂಆರ್‌ಐ ಮಾಡುವ ಮೊದಲು ಬ್ಯಾಂಡ್ ಇರುವುದನ್ನು ಗಮನಿಸುವುದು, ಹಲವು ದಿನದಿಂದ ವಾಂತಿಯಾಗುತ್ತಿದ್ದರೆ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಮಿನ್ (ಬಿ1 ವಿಟಮಿನ್) ಕೊಡುವುದು. ಒಂದು ಹ್ಯೂಬರ್ ಸೂಜಿಯನ್ನು ಅದೇ ಲಕೋಟೆಯಲ್ಲಿ ಇಟ್ಟುಕೊಂಡಿದ್ದೇನೆ. ಹಾಳೆಯ ಒಂದು ಪ್ರತಿ ನನ್ನ ಕೈಚೀಲದಲ್ಲಿದೆ, ಒಂದು ನನ್ನವರ ಬಳಿ, ಒಂದು ಶಾಲೆಯ ಕಚೇರಿಯಲ್ಲಿ, ಇನ್ನೊಂದು ನಮ್ಮೂರಿನ ಡಾಕ್ಟರ ಮೇಜಿನ ಗಾಜಿನಡಿಯಲ್ಲಿ.